ಹುಣಸೆ ಬೀಜ, ಅಳಗುಳಿ ಮಣೆ ಮತ್ತು ಐದು ವರ್ಷದ ಮಗುವಿನ ಎಣಿಕೆ

ಮಗು ಐವತ್ತರವರೆಗೆ ಗಡಗಡ ಹೇಳುತ್ತದೆ ಎಂದ ಮಾತ್ರಕ್ಕೆ ಅದಕ್ಕೆ ಎಣಿಸಲು ಬರುತ್ತದೆ ಎಂದುಕೊಳ್ಳಬೇಡಿ. ನೋಡುವುದು ಸುಲಭ. ಒಂದು ಬಟ್ಟಲಲ್ಲಿ ಇಪ್ಪತ್ತು ಹುಣಸೆ ಬೀಜ ಹಾಕಿ, "ಪುಟ್ಟಾ, ನಂಗೆ ಆರು ಕೊಡು" ಎಂದು ಕೈ ಚಾಚಿ. ಹಲವು ಮಕ್ಕಳು ಹಿಡಿ ತುಂಬ ಬಾಚಿ ಕೊಟ್ಟುಬಿಡುತ್ತಾರೆ. ಇನ್ನು ಕೆಲವರು ಆರರವರೆಗೆ ಎಣಿಸುತ್ತಲೇ ಕೊಡುತ್ತಾರೆ, "ಎಷ್ಟು ಕೊಟ್ಟೆ?" ಎಂದರೆ ಮತ್ತೆ ಒಂದರಿಂದ ಶುರು ಮಾಡುತ್ತಾರೆ. ಕೊನೆಯಲ್ಲಿ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟು ಎಂಬುದಕ್ಕೆ ಉತ್ತರ ಎನ್ನುವುದು ಅವರಿಗಿನ್ನೂ ಹೊಳೆದಿಲ್ಲ.

ಎಣಿಕೆಯಲ್ಲಿ ಮೂರು ಕೆಲಸ ಒಟ್ಟಿಗೆ ನಡೆಯಬೇಕು: ಸಂಖ್ಯೆಗಳನ್ನು ಪ್ರತಿ ಸಲ ಅದೇ ಕ್ರಮದಲ್ಲಿ ಹೇಳಬೇಕು, ಒಂದು ವಸ್ತುವಿಗೆ ಒಂದೇ ಸಂಖ್ಯೆ ಹೇಳಬೇಕು, ಕೊನೆಯ ಸಂಖ್ಯೆಯೇ ಮೊತ್ತ ಎಂದು ತಿಳಿದಿರಬೇಕು. ಮನೋವಿಜ್ಞಾನಿಗಳಾದ ರೊಷೆಲ್ ಗೆಲ್ಮನ್ ಮತ್ತು ಸಿ. ಆರ್. ಗ್ಯಾಲಿಸ್ಟೆಲ್ 1978ರಲ್ಲಿ ಎಣಿಕೆಯ ತತ್ವಗಳನ್ನು ವಿವರಿಸಿದಾಗ ಇವೂ ಅದರಲ್ಲಿದ್ದವು. ಮೊದಲನೆಯದು ಬಾಯಿಪಾಠದಿಂದ ಬರುತ್ತದೆ. ಉಳಿದೆರಡಕ್ಕೆ ಕೈ ಬೇಕು. ಫೋನಿನ ಪರದೆಯ ಮೇಲೆ ಸೇಬುಗಳು ತಾವಾಗಿಯೇ ಒಂದೊಂದಾಗಿ ಹಾರಿ ಬುಟ್ಟಿಗೆ ಬೀಳುವಾಗ ಎಣಿಸುವ ಕೆಲಸ ಮಾಡುವುದು ಪರದೆ. ಮಗು ನೋಡುತ್ತದೆ, ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಪರದೆಯ ಮುಂದೆ ಕೂರುವ ಸಮಯ ದಿನಕ್ಕೆ ಒಂದು ಗಂಟೆ ದಾಟಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎನ್ನುತ್ತದೆ. ಆ ಮಿತಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಉಳಿದ ಹೊತ್ತಿನಲ್ಲಿ ಮಗುವಿನ ಕೈಗೆ ಏನು ಕೊಡಬೇಕು ಎಂಬ ಮಾತು ಮಾತ್ರ ಕಡಿಮೆ.

ನಮ್ಮ ಅಟ್ಟದ ಮೇಲೇ ಅದಕ್ಕೆ ಉತ್ತರವಿದೆ. ಸಾಲು ಗುಳಿಗಳಿಗೆ ಬೀಜ ಹಾಕುತ್ತ ಆಡುವ ಅಳಗುಳಿ ಮಣೆ, ಅದರಂಥದೇ ತುಳುನಾಡಿನ ಚೆನ್ನೆಮಣೆ, ಕವಡೆ ಹಾಕಿ ಕಾಯಿ ನಡೆಸುವ ಚೌಕಾಬಾರ ಇವೆಲ್ಲ ಮಳೆಗಾಲದ ಮಧ್ಯಾಹ್ನ ಹೊತ್ತು ಕಳೆಯಲು ಆಡುತ್ತಿದ್ದ ಆಟಗಳು ನಿಜ. ನಾಲ್ಕರಿಂದ ಏಳು ವರ್ಷದ ಮಗುವಿಗೆ ಲೆಕ್ಕ ಕಲಿಸಲು ಇವುಗಳಿಗಿಂತ ಒಳ್ಳೆಯ ಸಲಕರಣೆಯನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ತರಲಾಗದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಬೀಜ. ಸುಮಾರು ನೂರು ಹುಣಸೆ ಬೀಜ ಬೇಕು. ಹುಳಿ ಹಿಂಡಿದ ಮೇಲೆ ಉಳಿದ ಬೀಜವನ್ನು ಎರಡು ಮೂರು ನೀರಿನಲ್ಲಿ ತೊಳೆದು, ನಾರು ತೆಗೆದು, ಎರಡು ದಿನ ಬಿಸಿಲಿಗೆ ಹಾಕಿ. ಜಿಗುಟು ಉಳಿದರೆ ಎರಡೆರಡು ಬೀಜ ಅಂಟಿಕೊಂಡು ಬೀಳುತ್ತವೆ, ಎಣಿಕೆ ಕೆಡುತ್ತದೆ. ಹಳೆಯ ಮಣೆಯ ಜೊತೆ ಗುಲಗಂಜಿ ಬಂದಿದ್ದರೆ ಅದನ್ನು ಮಕ್ಕಳ ಕೈಗೆ ಕೊಡಲೇಬೇಡಿ. ಕೆಂಪು ಮೈ, ಕಪ್ಪು ಚುಕ್ಕೆ, ನೋಡಲು ಚೆಂದ. ಆದರೆ ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಹರಳು ಬೀಜಕ್ಕೂ ಇದೇ ಮಾತು. ಇನ್ನು ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಹುಣಸೆ ಬೀಜವೂ ಬೇಡ. ಮೂಗಿಗೆ ತೂರಿಸಿಕೊಳ್ಳುತ್ತದೆ, ಗಂಟಲಿಗೆ ಸಿಕ್ಕಿಸಿಕೊಳ್ಳುತ್ತದೆ. ಆ ಮನೆಯಲ್ಲಿ ದೊಡ್ಡ ಡಬ್ಬಿಯ ಮುಚ್ಚಳಗಳಿಂದ ಆಡಿ, ಗುಳಿಗಳ ಬದಲು ಬಟ್ಟಲು ಸಾಲಾಗಿ ಇಡಿ.

ಮಣೆ ಇಲ್ಲದವರಿಗೆ ಮೊಟ್ಟೆಯ ಟ್ರೇ ಸಾಕು. ಮೂವತ್ತು ಮೊಟ್ಟೆಯ ರಟ್ಟಿನ ಟ್ರೇಯಲ್ಲಿ ಒಂದು ಕಡೆಗೆ ಐದು, ಇನ್ನೊಂದು ಕಡೆಗೆ ಆರು ಗುಳಿ ಇರುತ್ತವೆ. ಎರಡು ಸಾಲು ಕತ್ತರಿಸಿ, ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಒಳಗೆ ಹಳೆಯ ಪತ್ರಿಕೆಯ ಚೂರು ಅಂಟಿಸಿ. ಹಾಗೇ ಇಟ್ಟರೆ ಟ್ರೇ ಹಗುರ, ಮಗುವಿನ ಮೊಣಕೈ ತಾಗಿದರೆ ಆಟವೇ ಮಗುಚಿಕೊಳ್ಳುತ್ತದೆ. ಮಡಿಸಿದ ಒದ್ದೆ ಟವೆಲಿನ ಮೇಲೆ ಒಂದು ತಟ್ಟೆ, ತಟ್ಟೆಯ ಮೇಲೆ ಟ್ರೇ ಇಟ್ಟರೆ ಜಾರುವುದಿಲ್ಲ.

ದೊಡ್ಡವರ ಅಳಗುಳಿ ಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ಗುಳಿಗೆ ಐದರಂತೆ ತುಂಬಿದರೆ 70 ಬೀಜ, ಚೆನ್ನೆಮಣೆಯ ರೂಢಿಯಂತೆ ನಾಲ್ಕು ತುಂಬಿದರೆ 56. ಇದನ್ನೇ ಮಗುವಿನ ಮುಂದಿಟ್ಟರೆ ಅದು ಎರಡನೇ ಸುತ್ತಿಗೆ ಎದ್ದು ಹೋಗುತ್ತದೆ. ಸಾಲಿಗೆ ಮೂರು ಗುಳಿ, ಗುಳಿಗೆ ಮೂರು ಬೀಜ, ಒಟ್ಟು 18, ಇಷ್ಟರಿಂದ ಶುರು ಮಾಡಿ. ಉಳಿದ ಗುಳಿಗಳಿಗೆ ಕಾಗದದ ಉಂಡೆ ತುರುಕಿ ಮುಚ್ಚಿ.

ಆಟಕ್ಕಿಂತ ಮೊದಲು ಗುಳಿ ತುಂಬುವುದೇ ದೊಡ್ಡ ಪಾಠ. ಅದನ್ನು ನೀವು ಮಾಡಿ ಮುಗಿಸಬೇಡಿ. "ಎಲ್ಲಾ ಮನೆಗೂ ಮೂರು ಮೂರು" ಎಂದು ಹೇಳಿ ಸುಮ್ಮನೆ ಕೂರಿ. ಮೊದಲ ವಾರ ಮಗು ಒಂದು ಗುಳಿಗೆ ನಾಲ್ಕು, ಇನ್ನೊಂದಕ್ಕೆ ಎರಡು ಹಾಕುತ್ತದೆ. ತಿದ್ದಬೇಡಿ, ಕೊನೆಯ ಗುಳಿಗೆ ಬೀಜ ಸಾಲದೇ ಹೋದಾಗ ಅದೇ ಹಿಂದಕ್ಕೆ ಹೋಗಿ ಹುಡುಕುತ್ತದೆ. ಆ ಹುಡುಕಾಟದಲ್ಲಿ ಕಲಿಯುವಷ್ಟನ್ನು "ಇಲ್ಲಿ ನೋಡು, ನಾಲ್ಕಿದೆ" ಎಂಬ ನಿಮ್ಮ ಮಾತಿನಿಂದ ಕಲಿಯುವುದಿಲ್ಲ. ಕೆಲವು ವಾರಗಳಲ್ಲಿ ಅದು ಮೂರು ಬೀಜವನ್ನು ಎಣಿಸುವುದನ್ನೇ ಬಿಟ್ಟು, ಕಣ್ಣಳತೆಯಲ್ಲೇ ಮೂರು ಎಂದು ಗುರುತಿಸಿ ಎತ್ತಿಕೊಳ್ಳುತ್ತದೆ. ಆಗ ಗುಳಿಗೆ ನಾಲ್ಕು ಮಾಡಿ.

ಆಡುವ ಕ್ರಮ ಊರಿಂದ ಊರಿಗೆ ಬೇರೆ. ಸಾಮಾನ್ಯವಾಗಿ ಹೀಗೆ: ನಿಮ್ಮ ಸಾಲಿನ ಒಂದು ಗುಳಿಯ ಬೀಜವನ್ನೆಲ್ಲ ಎತ್ತಿ, ಬಲಕ್ಕೆ ಮುಂದಿನ ಗುಳಿಯಿಂದ ಒಂದೊಂದೇ ಹಾಕುತ್ತ ಹೋಗಬೇಕು, ಸಾಲು ಮುಗಿದರೆ ಎದುರಿನವರ ಸಾಲಿಗೆ ತಿರುಗಬೇಕು. ಕೈಯಲ್ಲಿದ್ದದ್ದು ಮುಗಿದ ಮೇಲೆ ಮುಂದಿನ ಗುಳಿಯ ಬೀಜ ಎತ್ತಿ ಮುಂದುವರಿಯಬೇಕು. ಮುಂದಿನ ಗುಳಿ ಖಾಲಿ ಇದ್ದರೆ, ಅದರಾಚೆಯ ಗುಳಿಯಲ್ಲಿರುವ ಬೀಜವೆಲ್ಲ ನಿಮ್ಮದು, ಸರದಿ ಎದುರಿನವರಿಗೆ. ಚಿಕ್ಕ ಮಕ್ಕಳಿಗೆ ಇಷ್ಟು ನಿಯಮ ಸಾಕು. ಗುಳಿಯಲ್ಲಿ ನಾಲ್ಕು ಕೂಡಿದಾಗ ಎತ್ತಿಕೊಳ್ಳುವಂಥ ನಿಯಮಗಳನ್ನು ಆರು ವರ್ಷ ದಾಟಿದ ಮೇಲೆ ಸೇರಿಸಿ.

ಮಗು ಎಡವುವ ಜಾಗಗಳು ಗೊತ್ತಿರಲಿ. ಸಾಲಿನ ಕೊನೆಗೆ ಬಂದಾಗ ಎದುರು ಸಾಲಿಗೆ ತಿರುಗದೆ ತನ್ನ ಸಾಲಿನಲ್ಲೇ ವಾಪಸ್ ಬರುತ್ತದೆ. ತಿರುವಿನಲ್ಲಿ ಸೀಮೆಸುಣ್ಣದಿಂದ ಬಾಣ ಬರೆದುಬಿಟ್ಟರೆ ಇದು ನಿಲ್ಲುತ್ತದೆ. ಎತ್ತಿದ ಗುಳಿಗೇ ಮೊದಲ ಬೀಜ ಹಾಕುತ್ತದೆ. ಎತ್ತಿದ ಗುಳಿಯ ಮೇಲೆ ಎಡಗೈ ಬೆರಳು ಇಟ್ಟುಕೊಳ್ಳುವ ಅಭ್ಯಾಸ ಮಾಡಿಸಿ. ಎರಡು ಬೀಜ ಒಟ್ಟಿಗೆ ಉದುರುವುದು ಲೆಕ್ಕದ ತಪ್ಪಲ್ಲ, ಬೆರಳಿನದು. ಪುಟ್ಟ ಅಂಗೈಯಲ್ಲಿ ಐದು ಬೀಜ ಹಿಡಿದು ಹೆಬ್ಬೆರಳು ತೋರುಬೆರಳಲ್ಲಿ ಒಂದನ್ನಷ್ಟೇ ಬಿಡುವುದು ನಾಲ್ಕು ವರ್ಷದ ಕೈಗೆ ಕಷ್ಟವೇ. ಅಂಥ ಮಗು ಬೀಜಗಳನ್ನು ಎಡಗೈಯಲ್ಲಿ ಇಟ್ಟುಕೊಂಡು ಬಲಗೈಯಿಂದ ಒಂದೊಂದೇ ತೆಗೆದು ಹಾಕಲಿ. ಮುಂದೆ ಪೆನ್ಸಿಲ್ ಹಿಡಿಯುವುದೂ ಇದೇ ಬೆರಳುಗಳಲ್ಲಿ, ಹಾಗಾಗಿ ಈ ಶ್ರಮ ವ್ಯರ್ಥವಲ್ಲ.

ಆಟ ಮುಗಿದಾಗ ಯಾರು ಗೆದ್ದರು ಎಂದು ತಿಳಿಯಲು ಎಣಿಸಬೇಕಿಲ್ಲ. ಇಬ್ಬರೂ ಗೆದ್ದ ಬೀಜವನ್ನು ಮತ್ತೆ ಮೂರು ಮೂರರಂತೆ ತಮ್ಮ ಸಾಲಿಗೆ ತುಂಬಿದರೆ ಸಾಕು. ಒಬ್ಬರ ಸಾಲು ತುಂಬಿ ಬೀಜ ಮಿಗುತ್ತದೆ, ಇನ್ನೊಬ್ಬರ ಗುಳಿ ಖಾಲಿ ಉಳಿಯುತ್ತದೆ. "ನಿನ್ನ ಹತ್ರ ಎಷ್ಟು ಜಾಸ್ತಿ?" ಎಂದು ಕೇಳಬಹುದಾದ ಹೊತ್ತು ಇದೊಂದೇ. ನಡುವೆ ಕೇಳಿದರೆ ಆಟ ಪರೀಕ್ಷೆಯಾಗುತ್ತದೆ, ಪರೀಕ್ಷೆಯ ವಾಸನೆ ಮಕ್ಕಳಿಗೆ ಬೇಗ ಸಿಗುತ್ತದೆ.

ಎರಡನೆಯ ಆಟ ನೇರ ಹಾದಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಹತ್ತು ಮನೆ ಒಂದೇ ಸಾಲಿನಲ್ಲಿ ಬರೆಯಿರಿ; ಎಲ್ಲವೂ ಒಂದೇ ಅಳತೆ, ಎಡದಿಂದ ಬಲಕ್ಕೆ 1ರಿಂದ 10. ಮಗು ತಾನೇ ಕಾಯಿಯಾಗಿ ನಿಲ್ಲುವಂತಿದ್ದರೆ ಮನೆ ಒಂದು ಅಡಿ ಅಗಲವಿರಲಿ, ಬೀಜ ನಡೆಸುವುದಾದರೆ ನಾಲ್ಕು ಬೆರಳು ಸಾಕು. ದಾಳಕ್ಕೆ ಒಂದೇ ಹುಣಸೆ ಬೀಜ: ಅದರ ಒಂದು ಮೈಯನ್ನು ಒರಟು ಕಲ್ಲಿನ ಮೇಲೆ ನೀರು ಚಿಮುಕಿಸಿ, ಒಳಗಿನ ಬಿಳಿ ಕಾಣುವವರೆಗೆ ತೇಯಬೇಕು. ಕಲ್ಲು ಸಿಗದಿದ್ದರೆ ಹಾರ್ಡ್‌ವೇರ್ ಅಂಗಡಿಯ ಒರಟು ಸ್ಯಾಂಡ್‌ಪೇಪರ್ ಆದೀತು. ಬಿಳಿ ಮೇಲೆ ಬಿದ್ದರೆ ಒಂದು ಹೆಜ್ಜೆ, ಕಪ್ಪು ಬಿದ್ದರೆ ಎರಡು.

ಈ ಆಟದ ಜೀವ ಇರುವುದು ಎಣಿಸುವ ರೀತಿಯಲ್ಲಿ. ಮಗು 4ರಲ್ಲಿ ನಿಂತಿದೆ, ಎರಡು ಬಿತ್ತು. ಆಗ "ಒಂದು, ಎರಡು" ಎನ್ನುತ್ತ ನಡೆಯಬಾರದು, "ಐದು, ಆರು" ಎನ್ನಬೇಕು. ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಾಮಾನಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಬಡ ಕುಟುಂಬಗಳ ಮಕ್ಕಳಿಗೆ ಇಂಥದೇ ಹತ್ತು ಮನೆಯ ಆಟ ಆಡಿಸಿದ್ದರು. ಎರಡು ವಾರಗಳಲ್ಲಿ ನಾಲ್ಕು ಸಲ, ಸಲಕ್ಕೆ ಸುಮಾರು ಕಾಲು ಗಂಟೆ. ಅಷ್ಟರಲ್ಲೇ ಯಾವ ಸಂಖ್ಯೆ ದೊಡ್ಡದು, ಸಾಲಿನಲ್ಲಿ ಅದರ ಜಾಗ ಎಲ್ಲಿ ಎಂಬ ತಿಳಿವು ಹೆಚ್ಚಿತು. ಸಂಖ್ಯೆಯ ಬದಲು ಬಣ್ಣ ಬಳಿದ ಹಾದಿಯಲ್ಲಿ ಆಡಿದವರಿಗೆ ಆ ಲಾಭ ಸಿಗಲಿಲ್ಲ. 2014ರಲ್ಲಿ ಎಲಿಡಾ ಲಾಸ್ಕಿ ಮತ್ತು ಸೀಗ್ಲರ್, ನೂರರವರೆಗಿನ ಮಣೆಯಲ್ಲೂ ನಿಂತ ಸಂಖ್ಯೆಯಿಂದ ಮುಂದಕ್ಕೆ ಎಣಿಸಿದ ಮಕ್ಕಳೇ ಹೆಚ್ಚು ಕಲಿತರು ಎಂದು ತೋರಿಸಿದರು. ಹಾವು ಏಣಿ ಆಡಿಸುವ ಮನೆಗಳೂ ಇದನ್ನು ರೂಢಿಸಿಕೊಳ್ಳಬಹುದು; ಆದರೆ ಅಲ್ಲಿ ಸಾಲು ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ತಿರುಗುವುದರಿಂದ ಐದು ವರ್ಷದೊಳಗೆ ಗೊಂದಲವೇ ಹೆಚ್ಚು.

ಒಂದು ಎಚ್ಚರಿಕೆ: ಆಟದಲ್ಲಿ ಎಣಿಕೆಯ ಭಾಷೆ ಒಂದೇ ಇರಲಿ. ಅಜ್ಜಿ "ಐದು" ಎನ್ನುವುದು, ಅಪ್ಪ "ಸಿಕ್ಸ್" ಎನ್ನುವುದು, ಒಂದೇ ಓಟದಲ್ಲಿ ಎರಡೂ ಬಂದರೆ ಸಾಲಿನ ಎಳೆ ತುಂಡಾಗುತ್ತದೆ. ಮನೆಮಾತಿನಲ್ಲಿ ಹತ್ತರವರೆಗೆ ಗಟ್ಟಿಯಾದ ಮಗುವಿಗೆ ಶಾಲೆಯ ಇಂಗ್ಲಿಷ್ ಎಣಿಕೆ ಭಾರವಾಗುವುದಿಲ್ಲ.

ಐದು ವರ್ಷ ತುಂಬಿದ ಮೇಲೆ ಚೌಕಾಬಾರ. ಐದಕ್ಕೆ ಐದು, ಇಪ್ಪತ್ತೈದು ಮನೆ. ನಾಲ್ಕು ಬದಿಯ ನಡುಮನೆಗಳಿಗೂ ಮಧ್ಯದ ಮನೆಗೂ ಅಡ್ಡಗೆರೆ ಎಳೆದು ಗುರುತು. ನಾಲ್ಕು ಕವಡೆ, ಇಲ್ಲವೇ ಒಂದು ಮೈ ತೇಯ್ದ ನಾಲ್ಕು ಹುಣಸೆ ಬೀಜ. ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಹೆಜ್ಜೆ. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕು. ನಾಲ್ಕೂ ಕಪ್ಪಾದರೆ ಬಾರ, ಎಂಟು. ಚೌಕ, ಬಾರ ಬಿದ್ದವರಿಗೆ ಇನ್ನೊಂದು ಸಲ ಹಾಕುವ ಅವಕಾಶ. ಹೊರ ಸುತ್ತನ್ನು ಬಲದಿಂದ ಮುಗಿಸಿ, ಒಳ ಸುತ್ತಿಗೆ ಹೊಕ್ಕು ಎದುರು ದಿಕ್ಕಿಗೆ ತಿರುಗಿ, ನಡುವಿನ ಮನೆ ಸೇರಿದರೆ ಕಾಯಿ ಹಣ್ಣು. ತನ್ನ ಮನೆಯಿಂದ ಹಣ್ಣಾಗುವವರೆಗೆ 24 ಹೆಜ್ಜೆ.

ದೊಡ್ಡವರು ನಾಲ್ಕು ಕಾಯಿ ಇಟ್ಟು ಆಡುತ್ತಾರೆ, ಮಕ್ಕಳಿಗೆ ಎರಡು ಸಾಕು. ಒಂದು ಕಾಯಿ ಹೊಡೆಯದೆ ಒಳಗೆ ಹೋಗುವಂತಿಲ್ಲ ಎಂಬ ನಿಯಮವನ್ನು ಸದ್ಯ ಬಿಟ್ಟುಬಿಡಿ. "ಒಂದೂ ಬಿಳಿ ಇಲ್ಲ, ಮತ್ತೆ ಎಂಟು ಯಾಕೆ?" ಎಂದು ಮಗು ಕೇಳಿಯೇ ಕೇಳುತ್ತದೆ, ಆಟದ ಕಟ್ಟಳೆ ಎಂದು ಹೇಳಿದರೆ ಒಪ್ಪುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪು, ನಿಂತ ಮನೆಯನ್ನೇ "ಒಂದು" ಎಂದು ಎಣಿಸುವುದು. ಬಾಯಲ್ಲಿ ತಿದ್ದಿದರೆ ಹೋಗುವುದಿಲ್ಲ. ಕಾಯಿಯನ್ನು ಜಾರಿಸದೆ ಮೇಲಕ್ಕೆ ಎತ್ತಿ, ಮುಂದಿನ ಮನೆಯಲ್ಲಿ ಟಪ್ಪೆಂದು ಇಡುವಾಗಲೇ "ಒಂದು" ಎನ್ನುವುದನ್ನು ನಿಮ್ಮ ಸರದಿಯಲ್ಲಿ ಮಾಡಿ ತೋರಿಸಿ. ಬೀಜ ಬಿದ್ದಾಗ ಮೂರು ಬಿಳಿ ಒಂದು ಕಪ್ಪು, ಎರಡು ಬಿಳಿ ಎರಡು ಕಪ್ಪು ಎಂದು ನೋಡುತ್ತ ನೋಡುತ್ತ ನಾಲ್ಕನ್ನು ಒಡೆಯುವ ಬಗೆಗಳೆಲ್ಲ ತಲೆಗೆ ಹೋಗುತ್ತವೆ. ಮುಂದೆ ಕೂಡುವ ಕಳೆಯುವ ಲೆಕ್ಕಕ್ಕೆ ಇದೇ ಬುನಾದಿ. ಮನೆಗಳಲ್ಲಿ ಅಂಕೆ ಇಲ್ಲದ್ದರಿಂದ ನೇರ ಹಾದಿಯ ಕೆಲಸ ಚೌಕಾಬಾರದಿಂದ ಆಗದು. ಎರಡೂ ಬೇಕು.

ಆರು ದಾಟಿದವರಿಗೆ ತೆಂಗಿನ ಗರಿಯ ಕಡ್ಡಿಯನ್ನು ಬೆರಳುದ್ದ ತುಂಡು ಮಾಡಿ, ಹತ್ತು ಹತ್ತು ಕಡ್ಡಿಗೆ ಒಂದೊಂದು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಲು ಕೊಡಿ. ಮೂರು ಕಟ್ಟು, ನಾಲ್ಕು ಬಿಡಿ ಎಂದರೆ ಮೂವತ್ತನಾಲ್ಕು. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ನಲಿ-ಕಲಿ ಎಂಬ ಕಲಿಕೆಯ ಕ್ರಮವೂ ಮಗು ತಾನೇ ಮಾಡಿ, ಆಡಿ ಕಲಿಯಬೇಕು ಎಂಬ ನಂಬಿಕೆಯ ಮೇಲೆ ನಿಂತದ್ದು. ಕಟ್ಟನ್ನು ಮಗುವೇ ಕಟ್ಟಬೇಕು, ಕಟ್ಟಿಟ್ಟದ್ದನ್ನು ಕೊಟ್ಟರೆ ಅದರೊಳಗೆ ಹತ್ತಿದೆ ಎಂಬುದು ಅದಕ್ಕೆ ಬರಿಯ ನಂಬಿಕೆ.

ಸೋಲಿನ ವಿಚಾರ. ಮಗು ಅಳುತ್ತದೆಂದು ಪ್ರತಿ ಸಲ ಬೇಕೆಂದೇ ಸೋಲಬೇಡಿ, ಅದಕ್ಕೆ ಗೊತ್ತಾಗುತ್ತದೆ. ಬದಲಿಗೆ ಆಟ ಚಿಕ್ಕದಿರಲಿ. ಹತ್ತು ಮನೆಯ ಓಟ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಸೋತವರು ಕೂಡಲೇ ಇನ್ನೊಂದು ಆಡಬಹುದು. ನಾಲ್ಕು ವರ್ಷಕ್ಕೆ ದಿನಕ್ಕೆ ಹದಿನೈದು ನಿಮಿಷ ಧಾರಾಳ. "ಇನ್ನೊಂದಾಟ" ಎಂದು ಮಗು ಕೇಳುತ್ತಿರುವಾಗಲೇ ಮಣೆ ಎತ್ತಿಟ್ಟರೆ ನಾಳೆ ಕರೆಯಬೇಕಾಗಿಲ್ಲ.

ಎತ್ತಿಡುವಾಗ ಬೀಜವನ್ನು ಹತ್ತು ಹತ್ತರ ಗುಡ್ಡೆ ಮಾಡಿ ಡಬ್ಬಿಗೆ ಹಾಕಿಸಿ; ಸೋಫಾದಡಿ ಸೇರಿದ್ದು ಎಷ್ಟೆಂದು ಅಲ್ಲೇ ತಿಳಿಯುತ್ತದೆ. ಮಳೆಗಾಲದಲ್ಲಿ ಡಬ್ಬಿಗೆ ನಾಲ್ಕು ಒಣಮೆಣಸಿನಕಾಯಿ ಹಾಕಿ, ಬಿಸಿಲು ಬಂದ ದಿನ ಬೀಜ ಹರವಿ. ಹುಳು ಕೊರೆದ ಬೀಜ ಹಗುರಾಗಿ ಚೌಕಾಬಾರದಲ್ಲಿ ಒಂದೇ ಮೈಗೆ ಬೀಳತೊಡಗುತ್ತದೆ. ಅಂಥದ್ದನ್ನು ತೆಗೆದು, ಹೊಸದು ತೇಯ್ದು ಸೇರಿಸಿ.