ಒಂದೇ ಸ್ಪೀಕರ್, ಎರಡು ಪೆಟ್ಟಿಗೆ

ದಾವಣಗೆರೆಯ ಹದಡಿ ರಸ್ತೆ ಕಡೆಯ ಬಯಲಲ್ಲಿ ಇವತ್ತು ನಾವೇ ಮಾಡಿದ ಎರಡು ಸಬ್‌ವೂಫರ್ (ಆಳದ ಬೇಸ್ ಸದ್ದಿನ) ಪೆಟ್ಟಿಗೆಗಳನ್ನು ಹೋಲಿಸಿದೆವು. ಒಂದು ಮಡಚಿದ ಹಾರ್ನ್, ಇನ್ನೊಂದು ಟ್ಯಾಪ್ಡ್ ಹಾರ್ನ್. ಹಾರ್ನ್ ಅಂದರೆ ಸ್ಪೀಕರಿನಿಂದ ಹೊರಗಿನ ಬಾಯಿಯವರೆಗೆ ಅಗಲವಾಗುತ್ತಾ ಹೋಗುವ ಸದ್ದಿನ ದಾರಿ. ಎರಡರಲ್ಲೂ ಒಂದೇ ಮಾದರಿಯ 18 ಇಂಚಿನ ಸ್ಪೀಕರ್, ಒಂದೇ ವೋಲ್ಟೇಜ್, ಮೈಕ್ ಅಷ್ಟೇ ದೂರದಲ್ಲಿ ನೆಲದ ಮೇಲೆ. ಇಷ್ಟಾದರೂ ಮಾಡದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಟ್ಯಾಪ್ಡ್ ಹಾರ್ನ್‌ನಲ್ಲಿ ಕೋನಿನ (ಸ್ಪೀಕರಿನಲ್ಲಿ ಅದುರುವ ಭಾಗ) ಎರಡೂ ಬದಿಯ ಸದ್ದು ಒಂದೇ ದಾರಿಗೆ ಸೇರುತ್ತದೆ. ಪೆಟ್ಟಿಗೆ ಚಿಕ್ಕದಾದರೂ ಆಳದ ಬೇಸ್ ಚೆನ್ನಾಗಿ ಬಂತು. ಆದರೆ ಡೊಳ್ಳಿನ ಏಟಿಗೆ ನನಗೆ ಮಡಚಿದ ಹಾರ್ನೇ ಜಾಸ್ತಿ ಹಿಡಿಸಿತು. 40 ಹರ್ಟ್ಜ್ ಅಲೆ ಸುಮಾರು 8.6 ಮೀಟರ್ ಉದ್ದ. ಹಾರ್ನಿನ ದಾರಿ ಸುಮಾರು ಅದರ ಕಾಲು ಭಾಗದಷ್ಟಾದರೂ ಉದ್ದ ಬೇಕು, ಅದೇ ಎರಡು ಮೀಟರ್ ದಾಟುತ್ತದೆ. ಅಷ್ಟು ದಾರಿಯನ್ನು ಪ್ಲೈವುಡ್ ಹಲಗೆಗಳ ನಡುವೆ ಮಡಚಿ ಕೂರಿಸುವುದೇ ಈ ಕೆಲಸದ ಸೊಗಸು.

ಜಾತ್ರೆ ಸೀಸನ್ ಬಂದರೆ ಎಲ್ಲರೂ ಕೇಳುವುದು ಆಂಪ್ (ಆಂಪ್ಲಿಫೈಯರ್) ಎಷ್ಟು ವ್ಯಾಟ್ ಅಂತ. ಪೆಟ್ಟಿಗೆಯೇ 3 ಡೆಸಿಬೆಲ್ ಜಾಸ್ತಿ ಕೊಟ್ಟರೆ ಆಂಪ್ ಪವರ್ ದುಪ್ಪಟ್ಟು ಮಾಡಿದಷ್ಟು ಲಾಭ, ಅಲ್ವಾ? ಮತ್ತೆ ಬಡಗಿಯ ಕೂಲಿಯಲ್ಲೇ ಯಾಕೆ ಚೌಕಾಸಿ ಮಾಡುತ್ತೇವೋ.

ಮುಂದೆ ಮಡಚಿದ ಹಾರ್ನ್ ನಾಲ್ಕನ್ನು ಒತ್ತಾಗಿ ಜೋಡಿಸಿ ಕೇಳಬೇಕು. ಹಾರ್ನ್‌ಗಳ ಬಾಯಿ ಒಟ್ಟಾಗಿ ದೊಡ್ಡದಾದಷ್ಟೂ ಕೆಳಗಿನ ಬೇಸ್ ತುಂಬಿಕೊಳ್ಳುತ್ತದೆ.