ಹುಬ್ಬಳ್ಳಿಯಿಂದ ಅಂಡಮಾನಿಗೆ: ಮೊದಲು ಹತ್ತಾಕ ಕೊಟ್ಟ ರೊಕ್ಕ

ಹುಬ್ಬಳ್ಳಿಯಿಂದ ಪೋರ್ಟ್ ಬ್ಲೇರ್‌ಗೆ (ಈಗ ಅಧಿಕೃತವಾಗಿ ಶ್ರೀ ವಿಜಯಪುರಂ) ಹೋಗಿ ಬರಲು ನಾಲ್ಕು ಸಲ ವಿಮಾನ ಹತ್ತಬೇಕು. ಬೆಂಗಳೂರಿನವರೆಗೆ ಎಟಿಆರ್ ಎಂಬ ಚಿಕ್ಕ ಪ್ರೊಪೆಲ್ಲರ್ ವಿಮಾನ, ಅಲ್ಲಿಂದ ಎರಡೂವರೆ ಗಂಟೆ ಏರ್‌ಬಸ್, ವಾಪಸು ಬರುವಾಗಲೂ ಅದೇ. ಗಂಡ, ಹೆಂಡತಿ, ಎರಡು ಮಕ್ಕಳಿದ್ದರೆ 16 ಬೋರ್ಡಿಂಗ್ ಪಾಸು. ಟಿಕೆಟ್ ಮಾಡುವಾಗ ‘ಪ್ರಯಾರಿಟಿ’ (ಉಳಿದವರಿಗಿಂತ ಮೊದಲು ವಿಮಾನ ಹತ್ತುವ ಸೌಲಭ್ಯ) ಎಂಬ ಚೌಕದ ಪಕ್ಕ ತಲೆಗೆ ಕೆಲವೇ ನೂರು ರೂಪಾಯಿ ಎಂದು ಕಾಣುತ್ತದೆ. ಅದನ್ನು 16ರಿಂದ ಗುಣಿಸಿ ನೋಡುವ ಪುರುಸೊತ್ತು ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ.

ಈ ಪ್ರವಾಸದ ತಂಡದಲ್ಲಿ ಇದ್ದದ್ದು ಮೂರು ಕುಟುಂಬಗಳು, ಕೈಗೂಸಿನಿಂದ ಹಿಡಿದು ಹೈಸ್ಕೂಲಿಗೆ ಕಾಲಿಡುವ ವಯಸ್ಸಿನವರೆಗಿನ ಮಕ್ಕಳು, ಜೊತೆಗೊಬ್ಬರು ಅಜ್ಜಿ. ಒಂದು ಕುಟುಂಬ ಎಲ್ಲರಿಗೂ ಮೊದಲು ಹತ್ತುವ ಸೌಲಭ್ಯ ಕೊಂಡಿತ್ತು. ಅಮೆರಿಕದಲ್ಲಿರುವ ತಮ್ಮ ಹೇಳಿದ್ದನಂತೆ, ‘ಮಕ್ಕಳಿದ್ದರೆ ಕಣ್ಣು ಮುಚ್ಚಿ ತಗೊಂಡುಬಿಡು’ ಎಂದು. ಅವನ ಮಾತು ಅವನಿದ್ದ ಕಡೆಗೆ ಸರಿ. ಅಲ್ಲಿನ ಸೌತ್‌ವೆಸ್ಟ್ ಕಂಪನಿಯ ವಿಮಾನಗಳಲ್ಲಿ ದಶಕಗಳ ಕಾಲ ಸೀಟು ನಂಬರೇ ಇರಲಿಲ್ಲ. ಹಳ್ಳಿ ಬಸ್ಸಿನ ಹಾಗೆ, ಮೊದಲು ಹತ್ತಿದವರಿಗೆ ಬೇಕಾದ ಸೀಟು. 2009ರಲ್ಲಿ ಅವರು ಬೇಗ ಹತ್ತುವ ಸರದಿಯನ್ನು ‘ಅರ್ಲಿಬರ್ಡ್’ ಎಂಬ ಹೆಸರಿನಲ್ಲಿ ಮಾರಲು ಶುರುಮಾಡಿದಾಗ ಆ ದುಡ್ಡಿಗೆ ನಿಜವಾದ ಬೆಲೆ ಇತ್ತು, ಏಕೆಂದರೆ ತಡವಾಗಿ ಹತ್ತಿದ ಕುಟುಂಬಕ್ಕೆ ಸಿಗುತ್ತಿದ್ದದ್ದು ಅಲ್ಲೊಂದು ಇಲ್ಲೊಂದು ನಡುವಿನ ಸೀಟು. ಅಲ್ಲಿಯೂ 6 ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಕ್ಕಳಿದ್ದವರನ್ನು ಮೊದಲು ಹತ್ತುವ ‘ಎ’ ಗುಂಪು ಮುಗಿದ ಕೂಡಲೇ ಪುಕ್ಕಟೆ ಬಿಡುತ್ತಿದ್ದರು. ಹಾಗಾಗಿ ದುಡ್ಡು ಕೊಡಬೇಕಾದ ಕಷ್ಟ ಇದ್ದದ್ದು ಏಳು, ಎಂಟು ವರ್ಷದ ಮಕ್ಕಳಿರುವವರಿಗೆ. 2026ರ ಜನವರಿ 27ರಿಂದ ಆ ಕಂಪನಿಯೂ ಸೀಟು ನಂಬರು ಕೊಡತೊಡಗಿದೆ. ತಮ್ಮನ ಸಲಹೆ ಅವನ ಊರಲ್ಲೇ ಹಳತಾಯಿತು.

ನಮ್ಮ ದೇಶದಲ್ಲಿ ಹತ್ತುವ ಮೊದಲೇ ಸೀಟು ನಂಬರು ಕೈಯಲ್ಲಿರುತ್ತದೆ. ‘ಮೊದಲು ಹತ್ತದಿದ್ದರೆ ಮಗು ಒಂದು ಕಡೆ, ತಾಯಿ ಒಂದು ಕಡೆ ಆಗುತ್ತೆ’ ಎಂಬ ಹೆದರಿಕೆಗೆ ಮದ್ದು ಬೇರೆಯೇ ಇದೆ. 12 ವರ್ಷದವರೆಗಿನ ಮಕ್ಕಳಿಗೆ ಅದೇ ಪಿಎನ್‌ಆರ್‌ನಲ್ಲಿರುವ ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಪಕ್ಕದಲ್ಲಾದರೂ ಸೀಟು ಕೊಡಬೇಕೆಂದು 2024ರ ಏಪ್ರಿಲ್‌ನಲ್ಲಿ ವಿಮಾನಯಾನದ ಸರ್ಕಾರಿ ನಿಯಂತ್ರಣ ಸಂಸ್ಥೆ ಡಿಜಿಸಿಎ ವಿಮಾನ ಕಂಪನಿಗಳಿಗೆ ಸೂಚಿಸಿದೆ. ಇದರಲ್ಲಿ ಎರಡು ಮಾತು ಗಮನಿಸಬೇಕು. ಒಂದು, ‘ಒಬ್ಬರ ಪಕ್ಕ’. ಇಡೀ ಕುಟುಂಬ ಒಂದೇ ಸಾಲಿನಲ್ಲಿ ಎಂದು ಅದು ಹೇಳುವುದಿಲ್ಲ. ಇನ್ನೊಂದು, ‘ಅದೇ ಪಿಎನ್‌ಆರ್’. ಎಲ್‌ಟಿಸಿಯಲ್ಲಿ (ಸರ್ಕಾರಿ ನೌಕರರಿಗೆ ಸಿಗುವ ಪ್ರವಾಸ ವೆಚ್ಚದ ಸೌಲಭ್ಯ) ಹೊರಡುವ ಕುಟುಂಬಗಳು ಎಡವುವುದು ಇಲ್ಲಿಯೇ. ನೌಕರನ ಟಿಕೆಟ್ ಅಧಿಕೃತ ಏಜೆಂಟರ ಮೂಲಕ ಒಂದು ಪಿಎನ್‌ಆರ್‌ನಲ್ಲಿ, ಅಜ್ಜಿಯ ಟಿಕೆಟ್ ಮೊಬೈಲಿನಲ್ಲಿ ಮಾಡಿದ ಇನ್ನೊಂದರಲ್ಲಿ. ಮೊಮ್ಮಗ ಅಜ್ಜಿಯ ಪಕ್ಕವೇ ಕೂರಬೇಕೆಂದು ಹಟ ಹಿಡಿದರೆ ಈ ಸೂಚನೆ ನೆರವಿಗೆ ಬರುವುದಿಲ್ಲ. ಅಂಥವರು ಪ್ರಯಾರಿಟಿಗೆ ಕೊಡುವ ದುಡ್ಡಿನಲ್ಲಿ ಎರಡು ಸೀಟು ಆರಿಸಿಕೊಳ್ಳುವುದು ಮೇಲು. ಮಗುವಿನ ಹುಟ್ಟಿದ ದಿನಾಂಕವನ್ನು ಟಿಕೆಟ್ಟಿನಲ್ಲಿ ಸರಿಯಾಗಿ ತುಂಬಿ, ವೆಬ್ ಚೆಕ್‌ಇನ್ ತೆರೆದ ಕೂಡಲೇ ಸೀಟು ನೋಡಿಕೊಳ್ಳಬೇಕು. ಬೇರೆ ಬೇರೆ ಬಂದಿದ್ದರೆ ಕೌಂಟರಿನಲ್ಲೇ ಕೇಳಬೇಕು. ಗೇಟಿನಲ್ಲಿ ಕೇಳಿದರೆ ಅಷ್ಟು ಹೊತ್ತಿಗೆ ಬದಲಾಯಿಸಲು ಸೀಟು ಉಳಿದಿರುವುದಿಲ್ಲ.

ಹುಬ್ಬಳ್ಳಿಯಲ್ಲಿ ಹತ್ತಿದ್ದು ಎಟಿಆರ್ 72. ಇದರಲ್ಲಿ ಮೊದಲು ಹತ್ತಲು ದುಡ್ಡು ಕೊಡುವುದಕ್ಕಿಂತ ವ್ಯರ್ಥ ಖರ್ಚು ಇನ್ನೊಂದಿಲ್ಲ. ಪ್ರಯಾಣಿಕರ ಬಾಗಿಲು ಹಿಂದುಗಡೆ ಇದೆ. ಪೈಲಟ್‌ಗಳ ಕೋಣೆಗೂ ಮೊದಲ ಸಾಲಿಗೂ ನಡುವೆ ಸಾಮಾನು ತುಂಬುವ ಜಾಗ. ಒಂದನೇ ಸಾಲಿನವರು ಇಡೀ ವಿಮಾನದ ಉದ್ದ ನಡೆದು ಹೋಗಬೇಕು, ಇಳಿಯುವಾಗ ಕಟ್ಟಕಡೆಗೆ ಇಳಿಯಬೇಕು. ‘ಮುಂದಿನ ಸೀಟು’ ಎಂದು ಹೆಚ್ಚಿಗೆ ಕೊಟ್ಟವರು ಇದನ್ನು ಕಂಡದ್ದು ಒಳಗೆ ಹೋದ ಮೇಲೆ. ಪ್ರೊಪೆಲ್ಲರ್‌ಗಳು ರೆಕ್ಕೆಯ ಮುಂದುಗಡೆ ಇರುವುದರಿಂದ ಸದ್ದು ಕೂಡ ಮುಂದಿನ ಸಾಲುಗಳಿಗೇ ಜಾಸ್ತಿ. ಮಗು ಮಲಗಬೇಕಿದ್ದರೆ ಹಿಂದಿನ ಸಾಲುಗಳೇ ವಾಸಿ. ಇನ್ನು ತಲೆಯ ಮೇಲಿನ ಲಗೇಜ್ ಜಾಗ ಎಷ್ಟು ಕಿರಿದೆಂದರೆ ಏರ್‌ಬಸ್‌ನಲ್ಲಿ ಸಲೀಸಾಗಿ ಹೋಗುವ ಟ್ರಾಲಿ ಇಲ್ಲಿ ಹೋಗುವುದಿಲ್ಲ. ವಿಮಾನದ ಬಳಿಯೇ ತೆಗೆದುಕೊಂಡು ಟ್ಯಾಗ್ ಕಟ್ಟಿ ಸಾಮಾನಿನ ಜೊತೆ ಹಾಕುತ್ತಾರೆ. ಮೊದಲು ಹೋದವರ ಟ್ರಾಲಿಗೂ ಅದೇ ಗತಿ.

ಟ್ರಾಲಿ ಕೈಬಿಟ್ಟು ಹೋಗುವ ಆ ಗಳಿಗೆಯಲ್ಲಿ ಆಗುವ ಪಜೀತಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಿಂದೆ ಸಾಲು ನಿಂತಿರುತ್ತದೆ, ತಾಯಿ ನೆಲಕ್ಕೆ ಕೂತು ಜಿಪ್ ಎಳೆದು ಹಾಲಿನ ಬಾಟಲಿ ಹುಡುಕುತ್ತಿರುತ್ತಾಳೆ, ಪವರ್ ಬ್ಯಾಂಕ್ ಒಳಗಿದ್ದರೆ ಅದನ್ನೂ ತೆಗೆಯಲೇಬೇಕು, ಸಾಮಾನಿನ ಜೊತೆ ಅದು ಹೋಗುವಂತಿಲ್ಲ. ಇದಕ್ಕೆ ಇರುವ ಉಪಾಯ ಒಂದೇ: ಟ್ರಾಲಿಯೊಳಗೆ ಎಲ್ಲಕ್ಕೂ ಮೇಲೆ ಒಂದು ಬಟ್ಟೆ ಚೀಲ. ಅದರಲ್ಲಿ ಎರಡು ಸಲಕ್ಕೆ ಆಗುವಷ್ಟು ಹಾಲಿನ ಪುಡಿ, ನಾಲ್ಕು ಡೈಪರ್, ಒಂದು ಜೊತೆ ಬಟ್ಟೆ, ಜ್ವರದ ಔಷಧಿ, ಪವರ್ ಬ್ಯಾಂಕ್. ಟ್ರಾಲಿ ಕೇಳಿದರೆ ಆ ಚೀಲವೊಂದನ್ನು ಎಳೆದುಕೊಂಡು ಹೋಗಬಹುದು. ಎರಡು ಕಿಲೋ ದಾಟದ ಆ ಚೀಲ ಮುಂದಿನ ಸೀಟಿನ ಅಡಿಯಲ್ಲಿ ಕೂರುತ್ತದೆ. ಕ್ಯಾಬಿನ್ ಲಗೇಜಿನ 7 ಕಿಲೋ ಮಿತಿಯಲ್ಲೇ ಇದನ್ನೂ ಸೇರಿಸಿಕೊಂಡರೆ ತಕ್ಕಡಿಯ ಮುಂದೆ ತಕರಾರಿಲ್ಲ.

ಬೆಂಗಳೂರಿನಲ್ಲಿ ನಡೆದ ಮಾತುಕತೆಯನ್ನು ಮಾತ್ರ ಪೂರ್ತಿ ಹೇಳಬೇಕು.

ಬೋರ್ಡಿಂಗ್ ಕರೆದರು. ಪ್ರಯಾರಿಟಿಯವರು ಬನ್ನಿ ಎಂದಾಗ ಆ ಕುಟುಂಬ ಗತ್ತಿನಿಂದಲೇ ಎದ್ದಿತು. ಪಾಸು ಸ್ಕ್ಯಾನ್ ಆಯಿತು, ಗಾಜಿನ ಬಾಗಿಲು ದಾಟಿದರು. ಎದುರಿಗೆ ನಿಂತಿತ್ತು ಬಸ್ಸು. ಅಜ್ಜಿ ಅಲ್ಲಿಂದಲೇ ತಿರುಗಿ ಬಂದರು.

“ತಂಗಿ, ಇದೇನವಾ? ಮದಲ ಹತ್ತಾಕ ರೊಕ್ಕ ಕೊಟ್ಟೇವಿ ನಾವು. ಬಸ್ಸಿನ್ಯಾಗ ನಿಂದ್ರಸ್ತೀರಲ್ಲ?”

ಗೇಟಿನ ಹುಡುಗಿ ನಗುತ್ತಲೇ ಹೇಳಿದಳು: “ಅಜ್ಜಿ, ನಿಮ್ಮನ್ನೇ ಮೊದಲು ಬಿಟ್ಟಿದ್ದೀವಿ. ಬಸ್ ತುಂಬಿದ ಮೇಲೆ ಹೊರಡುತ್ತೆ.”

“ತುಂಬೂತನಾ ನಿಂದ್ರಬೇಕನು? ಹಂಗಾರ ಮದಲ ಹತ್ತಿ ಏನ್ ಮಾಡೂದೈತಿ? ಮದಲ ಹತ್ತಿದಾವ ಒಳಗ ಹೋಗಿ ಸಿಗಹಾಕ್ಕೋತಾನ. ಕಡೀಗೆ ಬಂದಾವ ಬಾಗಲದಾಗ ನಿಂದಿರತಾನ, ಅಲ್ಲಿ ಬಾಗಲಾ ತಗದ ಕೂಡ್ಲೆ ಅವನ ಮದಲ ಇಳೀತಾನ. ಇದನ್ನ ನಾನು ನಲವತ್ತು ವರ್ಷದಿಂದ ಬಸ್ಸಿನ್ಯಾಗ ನೋಡೀನಿ.”

“ಅಜ್ಜಿ, ಗೇಟ್ ಯಾವುದು ಅಂತ ನಮಗೂ ಇವತ್ತೇ ಗೊತ್ತಾಗೋದು. ನೇರ ವಿಮಾನಕ್ಕೇ ಹೋಗೋ ಏರೋಬ್ರಿಜ್ ಸಿಕ್ಕಿದ್ರೆ ನೀವೇ ಮೊದಲು ಒಳಗೆ ಇರ್ತಿದ್ರಿ.”

“ಮತ್ತ ಹಂಗಂತ ರೊಕ್ಕಾ ತಗೊಳ್ಳೂ ಮುಂದ ಹೇಳಬೇಕಿಲ್ಲೇನು?”

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ ಹೇಳಿದಳು: “ಒಂದು ಮಾತು ಹೇಳ್ಲಾ ಅಜ್ಜಿ? ಪುಟ್ಟ ಮಕ್ಕಳಿದ್ರೆ ಕೊನೇ ಬಸ್ಸಿಗೆ ಬನ್ನಿ. ಈಗ ಹೋದ್ರೆ ಅಲ್ಲಿ ಒಳಗೆ ಮುಕ್ಕಾಲು ಗಂಟೆ ಕೂತ್ಕೋಬೇಕು. ಇಲ್ಲಿ ಫ್ಯಾನ್ ಇದೆ, ಟಾಯ್ಲೆಟ್ ಇದೆ, ಓಡಾಡೋಕೆ ಜಾಗ ಇದೆ.”

ಅಜ್ಜಿ ಮಗನ ಕಡೆ ನೋಡಿದರು. ಮಗ ಮೊಬೈಲ್ ನೋಡುತ್ತಿದ್ದ.

ಆ ಹುಡುಗಿ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇಲ್ಲ. ಏರ್‌ಬಸ್ ಎ320ರಲ್ಲಿ ಸುಮಾರು 180 ಸೀಟು. ಬೋರ್ಡಿಂಗ್ ಹೊರಡುವ ವೇಳೆಗೆ ಮುಕ್ಕಾಲು ಗಂಟೆ ಮುಂಚೆ ಶುರು, ಗೇಟು ಮುಚ್ಚುವುದು ಸಾಮಾನ್ಯವಾಗಿ 25 ನಿಮಿಷ ಮುಂಚೆ. ವಿಮಾನ ಹಿಂದಕ್ಕೆ ಸರಿದ ಮೇಲೆ ರನ್‌ವೇ ತಲುಪಲು ಇನ್ನೂ ಹತ್ತು, ಹದಿನೈದು ನಿಮಿಷ, ಮೇಲೇರಿ ಬೆಲ್ಟ್ ದೀಪ ಆರುವವರೆಗೆ ಮತ್ತಷ್ಟು. ಮೊದಲು ಹತ್ತಿದ ಮಗು ಒಂದು ಗಂಟೆಗೂ ಹೆಚ್ಚು ಕಾಲ ಸೀಟಿನಲ್ಲೇ. ಹತ್ತುವ ಜನರಿಂದ ನಡುದಾರಿ ತುಂಬಿರುವಾಗ ಅದನ್ನು ಟಾಯ್ಲೆಟ್‌ಗೆ ಕರೆದುಕೊಂಡು ಹೋಗಲೂ ಆಗದು. ಕೊನೆಗೆ ಹತ್ತಿದ ಮಗುವಿಗೆ ಇದರಲ್ಲಿ ಸುಮಾರು ಇಪ್ಪತ್ತು ನಿಮಿಷ ಉಳಿತಾಯ. ಗೇಟಿನ ಪಕ್ಕದ ಟಾಯ್ಲೆಟ್‌ಗೆ ಹೋಗಲು ಸರಿಯಾದ ಹೊತ್ತು ಸಾಲು ಅರ್ಧ ಕರಗಿದಾಗ. ಸಾಲು ಪೂರ್ತಿ ಕರಗುವವರೆಗೆ ಕಾಯಬಾರದು, ಗೇಟು ಮುಚ್ಚಿದರೆ ಯಾರ ಮಗುವಿನ ಅಳುವೂ ಗೇಟಿನವರ ಮನಸ್ಸು ಕರಗಿಸಲಾರದು.

ಕೈಗೂಸಿಗೆ ಇನ್ನೊಂದು ತೊಂದರೆ. ಕಿವಿ ನೋಯದಿರಲೆಂದು ಏರುವಾಗ ಹಾಲು ಕೊಡಬೇಕೆಂದು ಎಲ್ಲರೂ ಹೇಳುತ್ತಾರೆ. ಬೇಗ ಹತ್ತಿದವರ ಮಗು ವಿಮಾನ ಕದಲುವ ಮೊದಲೇ ಅತ್ತು, ಕುಡಿದು, ಬಾಟಲಿ ಬರಿದು ಮಾಡಿರುತ್ತದೆ. ನೋವು ಹೆಚ್ಚು ಕಾಡುವುದು ನಿಜಕ್ಕೂ ಇಳಿಯುವಾಗ, ಒಳಗಿನ ಒತ್ತಡ ಮತ್ತೆ ಏರತೊಡಗಿದಾಗ. ಎರಡನೇ ಬಾಟಲಿಯನ್ನು ಆ ಕೊನೆಯ ಅರ್ಧ ಗಂಟೆಗೆ ಉಳಿಸಿಕೊಳ್ಳಬೇಕು. ನೆಲ ಮುಟ್ಟುವ ಹೊತ್ತಿಗೆ ಕೊಟ್ಟರೆ ತಡವಾಯಿತು.

ಹಾಗಾದರೆ ಈ ದುಡ್ಡು ಯಾರಿಗೂ ಬೇಡವೇ? ಅದು ಕೊಡುವುದು ಮುಖ್ಯವಾಗಿ ತಲೆಯ ಮೇಲಿನ ಲಗೇಜ್ ಜಾಗ. ತುಂಬಿದ ಎ320ರಲ್ಲಿ ಕೊನೆಗೆ ಬಂದವರ ಟ್ರಾಲಿ ಹತ್ತು ಸಾಲು ಹಿಂದೆ ಹೋಗುತ್ತದೆ, ಇಲ್ಲವೇ ಕೆಳಗಿನ ಸಾಮಾನಿಗೆ ಸೇರುತ್ತದೆ. ಚೆಕ್‌ಇನ್ ಲಗೇಜ್ ಇಲ್ಲದ ಟಿಕೆಟ್ ಕೊಂಡು ಎಲ್ಲವನ್ನೂ ಕೈಯಲ್ಲೇ ಒಯ್ಯುವ ಕುಟುಂಬಕ್ಕೆ ಇದು ಚಿಕ್ಕ ಮಾತಲ್ಲ. ಆದರೆ ಅದಕ್ಕೂ ನಾಲ್ವರಿಗೆ ಕೊಳ್ಳಬೇಕಿಲ್ಲ, ಒಬ್ಬರಿಗೆ ಸಾಕು. ಅಪ್ಪ ಎರಡು ಟ್ರಾಲಿ ಎಳೆದುಕೊಂಡು ಮೊದಲು ಹೋಗಿ ಸಾಲಿನ ಮೇಲೆ ಇಟ್ಟು ಕೂರಲಿ, ಅಮ್ಮ ಮಕ್ಕಳೊಂದಿಗೆ ಕೊನೆಗೆ ಬರಲಿ. ಇಬ್ಬರ ಬಳಿಯೂ ತಂತಮ್ಮ ಬೋರ್ಡಿಂಗ್ ಪಾಸು, ಮಕ್ಕಳ ಪಾಸು ಅಮ್ಮನ ಬಳಿ. ಇದನ್ನು ಮರೆತು ನಾಲ್ಕೂ ಪಾಸು ಒಂದೇ ಮೊಬೈಲಿನಲ್ಲಿಟ್ಟುಕೊಂಡವರು ಗೇಟಿನಲ್ಲಿ ಫೋನ್ ಮಾಡಿ ಕಿರುಚುವುದನ್ನು ನೋಡಬಹುದು. ಕೈಗೂಸಿರುವವರನ್ನು ಹೇಗೂ ದುಡ್ಡಿಲ್ಲದೆ ಮೊದಲೇ ಕರೆಯುವುದು ವಾಡಿಕೆ. ಕರೆಯದಿದ್ದರೆ ಹೋಗಿ ಕೇಳಿದರಾಯಿತು.

ಯುರೋಪಿನಲ್ಲಿರುವವರ ಲೆಕ್ಕ ಬೇರೆ. ರಯಾನ್‌ಏರ್‌ನಲ್ಲಿ ಪ್ರಯಾರಿಟಿ ಎಂದರೆ ದೊಡ್ಡ ಕ್ಯಾಬಿನ್ ಬ್ಯಾಗನ್ನು ಒಳಗೆ ಒಯ್ಯುವ ಹಕ್ಕು; ಅದಿಲ್ಲದವರಿಗೆ ಸೀಟಿನಡಿ ಹಿಡಿಯುವ ಚೀಲ ಮಾತ್ರ. ಅಲ್ಲಿ ಜನ ಕೊಳ್ಳುವುದು ಬ್ಯಾಗಿನ ಜಾಗವನ್ನು, ಸರದಿಯನ್ನಲ್ಲ.

ಸೀಟು ಆರಿಸುವವರಿಗೆ ಎ320ರ ಎರಡು ವಿಷಯ ಗೊತ್ತಿರಲಿ. ಮೂರು ಸೀಟುಗಳ ಮೇಲೆ ಇರುವ ಆಮ್ಲಜನಕ ಮಾಸ್ಕ್ ನಾಲ್ಕು. ಆದ್ದರಿಂದ ಎರಡು ವರ್ಷದೊಳಗಿನ, ತೊಡೆಯ ಮೇಲೆ ಕೂರುವ ಮಗು ಒಂದು ಬದಿಯ ಸಾಲಿಗೆ ಒಂದೇ. ಅವಳಿ ಮಕ್ಕಳಿದ್ದರೆ ನಡುದಾರಿಯ ಆಚೆ ಈಚೆ ಕೂರಬೇಕು. ನಮ್ಮ ತಂಡದ ಎರಡು ಕೂಸುಗಳೂ ಹಾಗೆಯೇ ಬೇರೆಯಾದವು. ಎರಡನೆಯದು, ಮೊದಲ ಸಾಲು. ಕಾಲು ಚಾಚಲು ಜಾಗ ಇದೆಯೆಂದು ದುಬಾರಿ. ಆದರೆ ಮುಂದೆ ಸೀಟಿಲ್ಲದ ಕಾರಣ ಏರುವಾಗ, ಇಳಿಯುವಾಗ ಆ ಬಟ್ಟೆ ಚೀಲವನ್ನೂ ಮೇಲೆ ಇಡಬೇಕು. ಕೂಸು ಅಳುವುದು ಆ ಹೊತ್ತಿನಲ್ಲೇ.

ಅಂಡಮಾನಿನ ದಿನಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಸೆಲ್ಯುಲರ್ ಜೈಲಿನ ಏಳು ಬಾಹುಗಳಲ್ಲಿ ಉಳಿದ ಮೂರು, ಸ್ವರಾಜ್ ದ್ವೀಪದ ರಾಧಾನಗರ ಕಡಲತೀರ, ಎಲ್ಲವೂ ನೋಡಬೇಕಾದವೇ. ದ್ವೀಪಕ್ಕೆ ಹೋಗುವ ಖಾಸಗಿ ಹಡಗಿನಲ್ಲಿ ಸೀಟು ನಂಬರು ಟಿಕೆಟ್ಟಿನ ಮೇಲೇ ಇತ್ತು. ಆದರೂ ಜೆಟ್ಟಿಯಲ್ಲಿ ಜನ ಮೊದಲು ಹತ್ತಲು ನೂಕಾಡಿದರು. ಅಜ್ಜಿ ಮಾತ್ರ ಬೆಂಚಿನ ಮೇಲೆ ಕೂತು ಮಂಡಾಳು ತಿನ್ನುತ್ತಿದ್ದರು.

ವಾಪಸು ಬರುವಾಗ ಪೋರ್ಟ್ ಬ್ಲೇರ್‌ನಲ್ಲಿ ಮಕ್ಕಳಿರುವವರನ್ನು ತಡೆಯುವ ಜಾಗ ಗೇಟಲ್ಲ, ಸೆಕ್ಯೂರಿಟಿ. 2023ರ ಜುಲೈನಲ್ಲಿ ಉದ್ಘಾಟನೆಯಾದ ಹೊಸ ಟರ್ಮಿನಲ್ಲು ಚಿಪ್ಪಿನ ಆಕಾರದಲ್ಲೇ ಇದೆ. ಆದರೆ ಮಕ್ಕಳು ತೀರದಲ್ಲಿ ಆರಿಸಿ ಜೇಬಿಗೆ ಹಾಕಿಕೊಂಡ ಚಿಪ್ಪು, ಹವಳದ ಚೂರು ಒಯ್ಯುವಂತಿಲ್ಲ. ಎಕ್ಸ್‌ರೇಯಲ್ಲಿ ಸಿಕ್ಕಿ, ಚೀಲ ಬಿಚ್ಚಿಸಿ, ಮಗು ಅತ್ತು, ಇಪ್ಪತ್ತು ನಿಮಿಷ ಹೋಯಿತು. ಪ್ರಯಾರಿಟಿ ಸಾಲು ಅಷ್ಟರಲ್ಲಿ ಒಳಗೆ ಹೋಗಿಯಾಗಿತ್ತು. ಹೋಟೆಲಿನಿಂದ ಹೊರಡುವ ಮುಂಚೆ ಮಕ್ಕಳ ಜೇಬು, ಚಪ್ಪಲಿ ಚೀಲ ಕೊಡವಿ ನೋಡಿಬಿಡಿ. ಅಂಗಡಿಯಿಂದ ಕೊಂಡ ಚಿಪ್ಪಿನ ಸಾಮಾನಿಗೆ ಬಿಲ್ಲು ಜೊತೆಗಿರಲಿ.

ಮಗುವನ್ನು ಕೂರಿಸುವ ಮಡಚುವ ಗಾಡಿ ಒಯ್ದವರಿಗೆ ಒಂದು ಮಾತು ಉಳಿದಿದೆ. ಗೇಟಿನವರೆಗೆ ಅದನ್ನು ತಳ್ಳಿಕೊಂಡು ಹೋಗಬಹುದು, ಟ್ಯಾಗ್ ಕಟ್ಟಿಸಿ ಅಲ್ಲಿ ಒಪ್ಪಿಸಬೇಕು. ಒಪ್ಪಿಸುವಾಗಲೇ ಕೇಳಿ: ಇಳಿದಾಗ ವಿಮಾನದ ಬಳಿ ಕೊಡುತ್ತಾರೋ, ಬೆಲ್ಟಿಗೆ ಹಾಕುತ್ತಾರೋ? ಬೆಲ್ಟಿಗೆ ಎಂದರೆ ನಿದ್ದೆ ಹೋದ ಮಗುವನ್ನು ಹೆಗಲ ಮೇಲೆ ಹೊತ್ತು ಬಸ್ಸಿನಲ್ಲಿ ನಿಲ್ಲಬೇಕಾಗುತ್ತದೆ. ಅದು ಗೊತ್ತಿದ್ದರೆ ಹೊತ್ತುಕೊಳ್ಳುವ ಬಟ್ಟೆಯ ಜೋಲಿಯನ್ನು ಗಾಡಿಯಲ್ಲಿ ಬಿಡದೆ ಮೊದಲೇ ತೆಗೆದಿಟ್ಟುಕೊಳ್ಳಬಹುದು.