ವಾರಾಂತ್ಯದ ಲಾರ್ಪ್ ಸಮಾವೇಶ: ಆಟದ ಅಕ್ಕಪಕ್ಕದ ಹೊತ್ತು

ಲಾರ್ಪ್ ಸಮಾವೇಶದಲ್ಲಿ ಎರಡು-ಮೂರು ದಿನ ಬೇರೆಯವರಾಗಿ ಬದುಕಿ ಬಂದವರನ್ನು ಸೋಮವಾರ ಮಾತಾಡಿಸಿ ನೋಡಿ. ಕಥೆ ಚೆನ್ನಾಗಿತ್ತು, ವೇಷ ಚೆನ್ನಾಗಿತ್ತು ಎಂದು ಶುರುವಾದ ಮಾತು ಬೇಗನೆ ದೂರಿನ ಕಡೆ ಹೊರಳುತ್ತದೆ. ಪಾತ್ರದ ಹಾಳೆ ಕೈಗೆ ಸಿಕ್ಕಿದ್ದೇ ಆಟಕ್ಕೆ ಅರ್ಧ ಗಂಟೆ ಮುಂಚೆ. ಪಕ್ಕದ ಕೋಣೆಯ ಕೂಗಾಟಕ್ಕೆ ಸಾವಿನ ದೃಶ್ಯ ಹಾಳಾಯಿತು. ಅತ್ತು ಹೊರಬಂದ ಹತ್ತೇ ನಿಮಿಷಕ್ಕೆ ಇನ್ನೊಂದು ಆಟದಲ್ಲಿ ವಿದೂಷಕನಾಗಬೇಕಿತ್ತು. ಇವುಗಳಲ್ಲಿ ಒಂದೂ ಕಥೆಯ ಮೇಲಿನ ದೂರಲ್ಲ. ಇಂಥ ಸಮಾವೇಶಗಳನ್ನು ಹಿಂತಿರುಗಿ ನೋಡಿದರೆ ಪದೇಪದೇ ಕಣ್ಣಿಗೆ ಬೀಳುವುದು ಇದೇ: ಪೇಲವ ಕಥೆಯನ್ನು ಆಟಗಾರರು ಹೇಗೋ ಎತ್ತಿ ನಿಲ್ಲಿಸುತ್ತಾರೆ, ಕೆಟ್ಟ ವೇಳಾಪಟ್ಟಿಯನ್ನು ಯಾರಿಂದಲೂ ಎತ್ತಲಾಗುವುದಿಲ್ಲ.

ಲಾರ್ಪ್ ಎಂದರೆ ಪ್ರೇಕ್ಷಕರಿಲ್ಲದ ನಾಟಕ ಅನ್ನಬಹುದು. ಸಂಭಾಷಣೆ ಯಾರೂ ಬರೆದಿರುವುದಿಲ್ಲ, ಪಾತ್ರವಾಗಿ ಓಡಾಡುತ್ತಲೇ ಕಥೆ ಕಟ್ಟಬೇಕು. 1982ರಲ್ಲಿ ಇಂಗ್ಲೆಂಡಿನ ಪೆಕ್‌ಫೋರ್ಟನ್ ಕೋಟೆಯಲ್ಲಿ ಶುರುವಾದ ಟ್ರೆಷರ್ ಟ್ರ್ಯಾಪ್ ಎಂಬ ಲಾರ್ಪ್‌ನಿಂದ ಹಿಡಿದು ಒಂದು ಜಾಗ, ಒಂದು ಲೋಕ, ಒಂದು ಆಟ ಎನ್ನುವ ಸಂಪ್ರದಾಯ ಒಂದಿದೆ. ಸಮಾವೇಶದ ದಾರಿ ಬೇರೆ. ಒಂದೇ ಸೂರಿನಡಿ ಹತ್ತಾರು ಸಣ್ಣ ಆಟಗಳು, ಒಬ್ಬೊಬ್ಬರೂ ಮೂರೋ ನಾಲ್ಕೋ ಆಟ ಆಡುತ್ತಾರೆ. ಡೆನ್ಮಾರ್ಕಿನಲ್ಲಿ 1986ರಿಂದ ನಡೆಯುತ್ತಿರುವ ಫಾಸ್ಟವಾಲ್ ಸಮಾವೇಶದಲ್ಲಿ ಆಟವನ್ನು ಬರೆದವರೇ ನಡೆಸಬೇಕೆಂದಿಲ್ಲ, ಬರಹ ಓದಿ ಬೇರೆಯವರು ನಡೆಸುತ್ತಾರೆ. ಈ ಪದ್ಧತಿಯಿಂದ ಕಲಿಯಬೇಕಾದದ್ದು ಒಂದಿದೆ: ಆಟದ ಬರಹದಲ್ಲಿ ಕಥೆ ಇದ್ದರೆ ಸಾಲದು, ಯಾವ ಕೆಲಸಕ್ಕೆ ಎಷ್ಟು ನಿಮಿಷ ಎಂಬುದೂ ಇರಬೇಕು.

ಒಂದು ಆಟಕ್ಕೆ ಕೊಟ್ಟ ನಾಲ್ಕು ಗಂಟೆಯ ಸ್ಲಾಟ್ ತೆಗೆದುಕೊಳ್ಳಿ. ಬಂದು, ವೇಷ ಸರಿಮಾಡಿಕೊಂಡು ಕೂರಲು 10 ನಿಮಿಷ. ಪರಿಚಯ ಮತ್ತು ನಿಯಮಕ್ಕೆ 10. ಆಟಕ್ಕೆ ಮುಂಚಿನ ತಾಲೀಮು, ಅಂದರೆ ವರ್ಕ್‌ಶಾಪ್‌ಗೆ 50. ಆಟದ ನಂತರ ಪಾತ್ರದಿಂದ ಹೊರಬರುವ ಮಾತುಕತೆ, ಅಂದರೆ ಡೀಬ್ರೀಫ್‌ಗೆ 30, ಕೋಣೆ ಖಾಲಿ ಮಾಡಿ ಮುಂದಿನವರಿಗೆ ಬಿಟ್ಟುಕೊಡಲು 20. ಉಳಿದದ್ದು ಎರಡೇ ಗಂಟೆ. ಹೊಸದಾಗಿ ಬರೆಯುವವರು ಈ ಲೆಕ್ಕ ಹಾಕದೆ ಮೂರೂವರೆ ಗಂಟೆಯ ಕಥೆ ತುಂಬಿಕೊಂಡು ಬರುತ್ತಾರೆ. ಹೊತ್ತು ಸಾಲದಾದಾಗ ಮೊದಲು ಕತ್ತರಿ ಬೀಳುವುದು ವರ್ಕ್‌ಶಾಪ್‌ಗೆ, ಆಮೇಲೆ ಡೀಬ್ರೀಫ್‌ಗೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ಇದಕ್ಕೇ. ವರ್ಕ್‌ಶಾಪ್‌ನಲ್ಲಿ ಉಳಿಸಿದ ಅರ್ಧ ಗಂಟೆ ಎಲ್ಲಿಗೂ ಹೋಗುವುದಿಲ್ಲ. ನೀನು ನನ್ನ ತಮ್ಮನೋ ಭಾವನೋ ಎಂದು ಪಾತ್ರದೊಳಗೇ ತಡಕಾಡುತ್ತಾ ಆಟದ ಮೊದಲ ಅರ್ಧ ಗಂಟೆ ಅಷ್ಟನ್ನೂ ನುಂಗುತ್ತದೆ.

ವರ್ಕ್‌ಶಾಪ್‌ನಲ್ಲಿ ಯಾವುದು ಮೊದಲು ಎಂಬುದೂ ಮುಖ್ಯ. ಮೊದಲು ಹೆಸರು, ಆಟಗಾರರದ್ದು ಮತ್ತು ಪಾತ್ರದ್ದು ಎರಡೂ. ಎರಡನೆಯದು ಸುರಕ್ಷತೆಯ ಸಂಕೇತಗಳು. ‘ಕಟ್’ ಎಂದರೆ ಎಲ್ಲವೂ ಅಲ್ಲೇ ನಿಲ್ಲಬೇಕು. ‘ಬ್ರೇಕ್’ ಎಂದರೆ ದೃಶ್ಯ ನಿಲ್ಲುವುದಿಲ್ಲ, ಕಾವು ಇಳಿಯುತ್ತದೆ. ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು ಹೊರನಡೆದವರನ್ನು ಯಾರೂ ತಡೆಯಕೂಡದು, ಕಾರಣ ಕೇಳಕೂಡದು. ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿ ತೋರಿಸಿದರೆ ‘ಸರಿ ಇದ್ದೀರಾ’ ಎಂದು ಕೇಳಿದಂತೆ. ಹೆಬ್ಬೆರಳು ಮೇಲೆದ್ದರೆ ಆಟ ಮುಂದುವರಿಯುತ್ತದೆ, ಕೆಳಗಾದರೆ ಅವರನ್ನು ಹೊರಗೆ ಕರೆದೊಯ್ಯಬೇಕು. ಅಂಗೈ ಅತ್ತಿತ್ತ ಆಡಿಸಿದರೆ? ಅದನ್ನೂ ಕೆಳಗಾದ ಹೆಬ್ಬೆರಳೆಂದೇ ಲೆಕ್ಕ ಹಿಡಿಯಿರಿ. ಸರಿಯಿಲ್ಲ ಎಂದು ನೇರವಾಗಿ ಹೇಳಲು ಸಂಕೋಚಪಡುವವರು ಕೊಡುವ ಉತ್ತರ ಸಾಮಾನ್ಯವಾಗಿ ಅದೇ ಆಗಿರುತ್ತದೆ.

ಇವನ್ನು ವಿವರಿಸಿ ಬಿಟ್ಟರೆ ಪ್ರಯೋಜನವಿಲ್ಲ. ಕೋಣೆಯಲ್ಲಿರುವ ಪ್ರತಿಯೊಬ್ಬರೂ ಒಮ್ಮೆಯಾದರೂ ಗಟ್ಟಿಯಾಗಿ ‘ಕಟ್’ ಎಂದು ಕೂಗಬೇಕು, ಉಳಿದವರು ಆ ಕ್ಷಣ ನಿಲ್ಲಬೇಕು. ಬಾಯಿಬಿಟ್ಟು ಒಮ್ಮೆಯೂ ಹೇಳದ ಪದ ನಿಜವಾಗಿ ಬೇಕಾದಾಗ ಗಂಟಲಿನಿಂದ ಹೊರಡುವುದಿಲ್ಲ. (ಅಂದಹಾಗೆ, ಆಟದಲ್ಲಿ ಸಿನಿಮಾ ನಿರ್ದೇಶಕನ ಪಾತ್ರವಿದ್ದರೆ ಈ ಪದ ಬದಲಿಸಲೇಬೇಕು. ಕೇಳಲು ತಮಾಷೆ ಅನ್ನಿಸುತ್ತದೆ, ಹತ್ತನೇ ‘ಕಟ್’ ನಿಜವಾದದ್ದು ಎಂದು ಯಾರಿಗೂ ಗೊತ್ತಾಗದ ತನಕ.) ಮೂರನೆಯದಾಗಿ ಸಂಬಂಧಗಳು: ಜೋಡಿಜೋಡಿಯಾಗಿ ಕುಳಿತು ‘ನಾವಿಬ್ಬರೂ ಕೊನೆಯ ಸಲ ಜಗಳವಾಡಿದ್ದು ಯಾತಕ್ಕೆ’ ಎಂದು ತೀರ್ಮಾನಿಸಿಕೊಳ್ಳಲಿ. ಕೊನೆಗೆ, ಕಥೆಗೆ ಸೇರದ ಐದು ನಿಮಿಷದ ಒಂದು ದೃಶ್ಯ ಆಡಿಸಿ. ಯಾರ ಧ್ವನಿ ಯಾರಿಗೂ ಕೇಳಿಸುತ್ತಿಲ್ಲ, ಯಾರು ಯಾರನ್ನು ಮುಟ್ಟಬಹುದು ಎಂಬ ಗೊಂದಲವೆಲ್ಲ ಅಲ್ಲೇ ಗೊತ್ತಾಗುತ್ತದೆ.

ಇನ್ನು ಕಾಸ್ಟಿಂಗ್, ಅಂದರೆ ಯಾರಿಗೆ ಯಾವ ಪಾತ್ರ ಎಂದು ಹಂಚುವುದು. ಎರಡು ವಾರ ಮೊದಲೇ ಐದಾರು ಪ್ರಶ್ನೆ ಕಳಿಸಿದರೆ ಸಾಕು, ಆದರೆ ಅದರಲ್ಲಿ ‘ಏನು ಬೇಡ’ ಎಂಬ ಪ್ರಶ್ನೆ ಇರಲೇಬೇಕು. ‘ಏನು ಬೇಕು’ ಎಂದರೆ ಎಲ್ಲರೂ ರಹಸ್ಯ, ಪ್ರೇಮ, ಸಂಚು ಎಂದೇ ಬರೆಯುತ್ತಾರೆ, ಅದರಿಂದ ಪಾತ್ರ ಹಂಚಲಾಗುವುದಿಲ್ಲ. ‘ಮಗುವಿನ ಸಾವು ಬೇಡ’, ‘ಎಲ್ಲರೆದುರು ಭಾಷಣ ಮಾಡುವ ಪಾತ್ರ ಬೇಡ’ ಎಂದರೆ ಹಂಚುವ ಕೆಲಸ ಅರ್ಧ ಮುಗಿದಂತೆ.

ಸಮಾವೇಶವೆಂದ ಮೇಲೆ ಕೊನೇ ಗಳಿಗೆಯಲ್ಲಿ ಕೈಕೊಡುವವರು ಇದ್ದೇ ಇರುತ್ತಾರೆ. ಅದಕ್ಕೇ 20 ಪಾತ್ರದ ಆಟವನ್ನು 16 ಜನರಲ್ಲೂ ನಡೆಯುವಂತೆ ಬರೆಯಬೇಕು. ತೆಗೆಯಬಹುದಾದ ನಾಲ್ಕು ಪಾತ್ರಗಳಿಗೆ ಮೊದಲೇ ಗುರುತು ಹಾಕಿ, ಯಾವುದನ್ನು ಮೊದಲು ತೆಗೆಯಬೇಕೆಂಬ ಕ್ರಮವನ್ನೂ ಬರೆದಿಡಿ. ಪ್ರತಿ ಪಾತ್ರಕ್ಕೂ ಕನಿಷ್ಠ ಮೂರು ಗಟ್ಟಿ ನಂಟು ಇರಲಿ, ಮೂರೂ ತೆಗೆಯಬಹುದಾದ ಪಾತ್ರಗಳ ಜೊತೆಗೇ ಬೀಳದಂತೆ ನೋಡಿಕೊಳ್ಳಿ. ಒಬ್ಬರ ಇಡೀ ಕಥೆ ಕಳೆದುಹೋದ ಅಣ್ಣನೊಬ್ಬನ ಮೇಲೆ ನಿಂತಿದ್ದು, ಆ ಅಣ್ಣ ಜ್ವರ ಬಂದು ಮನೆಯಲ್ಲೇ ಮಲಗಿದ್ದರೆ ಅವರು ಎರಡು ಗಂಟೆ ಗೋಡೆ ನೋಡಿಕೊಂಡಿರಬೇಕಾಗುತ್ತದೆ.

ಪಾತ್ರದ ಹಾಳೆ ಎರಡು ಪುಟ ದಾಟಬಾರದು. ಮೂರು-ನಾಲ್ಕು ಆಟಕ್ಕೆ ಹೆಸರು ಕೊಟ್ಟವರು ಹನ್ನೆರಡು ಪುಟದ ಪೂರ್ವೇತಿಹಾಸ ಓದುವುದಿಲ್ಲ, ಓದಿದರೂ ಶನಿವಾರದ ಪಾತ್ರವನ್ನು ಶುಕ್ರವಾರದ್ದರ ಜೊತೆ ಕಲಸಿಕೊಳ್ಳುತ್ತಾರೆ. ನೀವು ಯಾರು, ಏನು ಬೇಕು, ಅದು ಯಾರ ಹತ್ತಿರ ಇದೆ ಎಂಬ ಮೂರೂ ಮೊದಲ ಪ್ಯಾರಾದಲ್ಲೇ ಬಂದಿರಲಿ.

ಲಕೋಟೆ ತುಂಬುವ ಕೆಲಸ ನೀರಸ, ಎಡವಟ್ಟು ಹುಟ್ಟುವುದೂ ಅಲ್ಲೇ. ಪ್ರತಿ ಲಕೋಟೆಯಲ್ಲಿ ಹಾಳೆ, ಹೆಸರಿನ ಬ್ಯಾಡ್ಜ್, ಕೀಲಿಕೈ, ಪತ್ರದಂಥ ವಸ್ತುಗಳ ಬದಲಿಗೆ ಬಳಸುವ ಚೀಟಿ, ಆಟದ ದುಡ್ಡು. ಬ್ಯಾಡ್ಜಿನ ಹೆಸರು ಎರಡು ಮೀಟರ್ ದೂರದಿಂದ, ಮಂದ ಬೆಳಕಿನಲ್ಲಿ ಓದಲು ಬರಬೇಕು. ಒಂದೇ ಕೊಕ್ಕೆಯಿಂದ ಕೊರಳಿಗೆ ನೇತುಬಿದ್ದ ಬ್ಯಾಡ್ಜ್ ಯಾವಾಗಲೂ ಬೆನ್ನು ತಿರುಗಿಸಿಯೇ ಇರುತ್ತದೆ, ಹಾಗಾಗಿ ಎರಡೂ ಬದಿ ಮುದ್ರಿಸಿ ಅಥವಾ ಎರಡು ತುದಿಗೂ ದಾರ ಕಟ್ಟಿ. ಪ್ರತಿ ಚೀಟಿಗೂ ನಂಬರ್ ಬೇಕು, ಯಾವ ನಂಬರ್ ಯಾರ ಕೈಯಲ್ಲಿ ಶುರುವಾಗುತ್ತದೆ ಎಂಬ ಪಟ್ಟಿ ಆಟ ನಡೆಸುವ ಗೇಮ್ ಮಾಸ್ಟರ್ ಜೇಬಿನಲ್ಲಿರಬೇಕು. ‘ಕೀಲಿಕೈ ಎಲ್ಲಿ’ ಎಂದು ಇಡೀ ಆಟ ಹುಡುಕಿ, ಕೊನೆಗೆ ಅದು ಲಕೋಟೆಗೇ ಹೋಗಿರಲಿಲ್ಲ ಎಂದು ತಿಳಿದರೆ ಆಟಗಾರರು ಕ್ಷಮಿಸುತ್ತಾರೆ, ಮರೆಯುವುದಿಲ್ಲ.

ಫೋಮ್ ಆಯುಧಗಳಿರುವ ಆಟವಿದ್ದರೆ ತಪಾಸಣೆಗೆ ಬೇರೆಯೇ ಮೇಜು ಹಾಕಿ, ಒಬ್ಬರನ್ನು ಅದಕ್ಕೇ ಕೂರಿಸಿ. ಲಾರ್ಪ್ ಕತ್ತಿಯ ಒಳಗೆ ಫೈಬರ್‌ಗ್ಲಾಸ್ ಸರಳು, ಅದರ ಸುತ್ತ ಫೋಮ್, ಮೇಲೆ ಲೇಟೆಕ್ಸ್ ಎಂಬ ರಬ್ಬರಿನ ಲೇಪ. ಸರಳು ಅಲಗಿನ ತುದಿಗೆ ಮುಂಚೆಯೇ ನಿಲ್ಲುತ್ತದೆ, ಅದರ ಮೊನೆ ಫೋಮ್ ಹರಿದು ಹೊರಬರದಂತೆ ಚರ್ಮದ್ದೋ ದಪ್ಪ ಬಟ್ಟೆಯದ್ದೋ ಟೋಪಿ ಅಂಟಿಸಿರುತ್ತಾರೆ. ಪರೀಕ್ಷೆ ಶುರುವಾಗಬೇಕಾದ್ದು ಈ ತುದಿಯಿಂದಲೇ. ಎರಡು ಬೆರಳಲ್ಲಿ ಒತ್ತಿದಾಗ ಗಟ್ಟಿ ಮೊನೆ ಸಿಕ್ಕಿತೋ, ಆ ಕತ್ತಿ ಆಟಕ್ಕಿಲ್ಲ. ತುದಿಯನ್ನು ನೆಲಕ್ಕೂರಿ ಊರುಗೋಲಿನಂತೆ ನಿಂತವರ ಕತ್ತಿಗೆ ಬರುವ ಕಾಯಿಲೆ ಇದು. ಆಮೇಲೆ ಅಲಗನ್ನು ಮೆಲ್ಲಗೆ ಬಾಗಿಸಿ ಕಿವಿಗೊಡಿ: ಚಟಚಟ ಸದ್ದು ಬಂದರೆ ಸರಳು ಸೀಳಿದೆ. ಅಲಗು ಹಿಡಿದು ತಿರುಚಿ: ಸರಳು ಅಲುಗದೆ ಫೋಮ್ ಮಾತ್ರ ತಿರುಗಿದರೆ ಅಂಟು ಬಿಟ್ಟಿದೆ. ಲೇಟೆಕ್ಸಿನ ಸಣ್ಣ ಹರುಕಿಗೆ ದ್ರವ ಲೇಟೆಕ್ಸನ್ನು ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಇನ್ನೊಂದು ಪದರ ಕೊಟ್ಟರಾಯಿತು. ಸೀಳಿದ ಸರಳಿಗೆ ಮದ್ದಿಲ್ಲ.

ಸರಳಿರುವ ಆಯುಧದಿಂದ ತಿವಿಯುವಂತಿಲ್ಲ, ತಲೆ, ಕುತ್ತಿಗೆ, ತೊಡೆಸಂದಿಗೆ ಹೊಡೆಯುವಂತಿಲ್ಲ. ಎಸೆಯುವ ಚಾಕುವಿನೊಳಗೆ ಸರಳೇ ಇರಬಾರದು. ಬಿಲ್ಲುಗಳಿಗೆ ಬಹಳ ಕಡೆ ಇರುವ ಮಿತಿ 28 ಇಂಚು ಎಳೆತಕ್ಕೆ 30 ಪೌಂಡ್, ಅಂದರೆ ಅಷ್ಟು ದೂರ ಎಳೆಯಲು ಅದಕ್ಕಿಂತ ಹೆಚ್ಚು ಬಲ ಬೇಕಾಗಬಾರದು. ಬಾಣದ ಫೋಮ್ ತಲೆ ಕಣ್ಣುಗುಳಿಯೊಳಗೆ ಇಳಿಯದಷ್ಟು ಅಗಲವಿರಬೇಕು, ಅಂದರೆ 5 ಸೆಂಟಿಮೀಟರಿಗಿಂತ ಹೆಚ್ಚು. ತುಳಿತಕ್ಕೆ ಸಿಕ್ಕ ಬಾಣವನ್ನು ಇನ್ನೊಮ್ಮೆ ಪರೀಕ್ಷಿಸದೆ ಬಿಲ್ಲಿಗೆ ಹೂಡುವಂತಿಲ್ಲ. ಶುಕ್ರವಾರ ಪಾಸಾದ ಕತ್ತಿ ಭಾನುವಾರಕ್ಕೂ ಪಾಸು ಎಂದು ಅಂದುಕೊಳ್ಳುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಪ್ರತಿ ಬೆಳಿಗ್ಗೆ ಹೊಸ ತಪಾಸಣೆ, ಪಾಸಾದದ್ದಕ್ಕೆ ಗುರುತಾಗಿ ಹೊಸ ಬಣ್ಣದ ಟೇಪು. ಲೇಟೆಕ್ಸ್ ಅಲರ್ಜಿ ಇರುವವರು ಯಾರೆಂದು ನೋಂದಣಿಯಲ್ಲೇ ಕೇಳಿಟ್ಟುಕೊಳ್ಳಿ, ಮೇಜಿನ ಬಳಿ ಬಂದ ಮೇಲೆ ಅಲ್ಲ.

ಕೋಣೆಗಳ ವಿಷಯ ಚಿಕ್ಕದು. ಪಿಸುಮಾತಿನ ಆಟದ ಪಕ್ಕ ಯುದ್ಧದ ಆಟ ಇಡಬೇಡಿ. ಪ್ರತಿ ಆಟದ ಹತ್ತಿರವೂ ಪಾತ್ರ ಬಿಟ್ಟು ಕೂರಲು ಒಂದು ಜಾಗ ಇರಲಿ, ಅಲ್ಲಿ ನೀರು ಇರಲಿ. ಆಟದ ಅಂತ್ಯಕ್ಕೆ ಗೇಮ್ ಮಾಸ್ಟರ್ ಕೂಗುವ ಬದಲು ಮೊದಲೇ ಒಪ್ಪಿಕೊಂಡ ಒಂದು ಸಂಗೀತ ಹಾಕಿ ಬೆಳಕು ಇಳಿಸಿ. ಬಾಯಲ್ಲಿದ್ದ ಮಾತು ಮುಗಿಸಿಕೊಳ್ಳಲು ಅಷ್ಟು ಹೊತ್ತು ಸಿಗುತ್ತದೆ.

ಡೀಬ್ರೀಫ್ ಎಂದರೆ ಆಟದ ವಿಮರ್ಶೆಯೂ ಅಲ್ಲ, ಪರಾಕ್ರಮದ ವರದಿಯೂ ಅಲ್ಲ. ‘ನಾನು ಆ ಪತ್ರ ಕದ್ದಾಗ ನೋಡಬೇಕಿತ್ತು’ ಎಂಬ ಮಾತಿಗೆ ಊಟದ ಹೊತ್ತು ಇದೆ. ಮೊದಲು ಬ್ಯಾಡ್ಜೋ ಟೋಪಿಯೋ, ಪಾತ್ರದ ಒಂದು ವಸ್ತುವನ್ನು ತೆಗೆದು ನಡುವೆ ಇಟ್ಟು ಸ್ವಂತ ಹೆಸರು ಹೇಳಬೇಕು. ಆಮೇಲೆ ಒಬ್ಬೊಬ್ಬರಿಗೆ ಒಂದು ನಿಮಿಷ, ಟೈಮರ್ ಇಟ್ಟುಕೊಂಡೇ: ಈ ಪಾತ್ರದಿಂದ ಯಾವುದನ್ನು ಇಲ್ಲೇ ಬಿಡುತ್ತೇನೆ, ಯಾವುದನ್ನು ಒಯ್ಯುತ್ತೇನೆ. ಟೈಮರ್ ಇಲ್ಲದಿದ್ದರೆ ಮೊದಲ ಮೂವರೇ ಅರ್ಧ ಗಂಟೆ ಮುಗಿಸುತ್ತಾರೆ. ಮಾತಾಡಲು ಇಷ್ಟವಿಲ್ಲದವರು ಸುಮ್ಮನೆ ಕೂರಬಹುದು. ಆಮೇಲೆ ಇಬ್ಬಿಬ್ಬರಾಗಿ ಹತ್ತು ನಿಮಿಷ, ಆದಷ್ಟು ಆಟದಲ್ಲಿ ಜಗಳವಾಡಿದವರ ಜೋಡಿ. ಪಾತ್ರದ ಸಿಟ್ಟು, ಪ್ರೀತಿ, ಅವಮಾನ ಆಟಗಾರರಿಗೆ ಅಂಟಿಕೊಳ್ಳುವುದನ್ನು ಲಾರ್ಪ್ ಮಂದಿ ಬ್ಲೀಡ್ ಎನ್ನುತ್ತಾರೆ. ಅದು ಬರೀ ಅತ್ತವರಿಗೆ ಅಂಟುತ್ತದೆ ಎಂದುಕೊಂಡರೆ ತಪ್ಪಾಗುತ್ತದೆ. ಎರಡು ಗಂಟೆ ಕ್ರೂರ ಜೈಲರ್ ಆಗಿದ್ದವರು ಡೀಬ್ರೀಫ್‌ನಲ್ಲಿ ಮೂಲೆ ಹಿಡಿದು ಕೂತಿರುತ್ತಾರೆ, ಏಕೆಂದರೆ ಯಾರೂ ಅವರ ಹತ್ತಿರ ಬರುವುದಿಲ್ಲ. ‘ನೀವು ಅಷ್ಟು ಚೆನ್ನಾಗಿ ಆಡಿದ್ದಕ್ಕೇ ನನ್ನ ಪಾತ್ರ ಸೋತಿತು’ ಎಂಬ ಒಂದು ಮಾತನ್ನು ಅವರಿಗೆ ಯಾರಾದರೂ ಹೇಳಲೇಬೇಕು. ಯಾರೂ ಹೇಳದಿದ್ದರೆ ಗೇಮ್ ಮಾಸ್ಟರೇ ಹೇಳಬೇಕು.

ಭಾನುವಾರ ಬೆಳಗಿನ ಸ್ಲಾಟಿಗೆ ಭಾರದ ಆಟ ಹಾಕುವುದು ಸಂಘಟಕರ ಆಸೆಬುರುಕುತನ. ಸಮಾವೇಶಗಳ ಹಳೆಯ ನಿಯಮ 6-2-1: ದಿನಕ್ಕೆ ಆರು ಗಂಟೆ ನಿದ್ದೆ, ಎರಡು ಊಟ, ಒಂದು ಸ್ನಾನ. ಶನಿವಾರ ರಾತ್ರಿ ಇದನ್ನು ಪಾಲಿಸುವವರು ಕಡಿಮೆ. ಆ ಹೊತ್ತಿಗೆ ಸರಿಹೊಂದುವುದು ಎರಡು ಗಂಟೆಯ ಹಗುರ ಆಟ. ಅದೂ ಎಂಟು ಜನ ಬಂದರೂ ಹದಿನಾಲ್ಕು ಜನ ಬಂದರೂ ನಡೆಯುವಂಥದ್ದು, ಪಾತ್ರ ಸ್ಥಳದಲ್ಲೇ ಹಂಚುವಂಥದ್ದು. ಹಾಸಿಗೆ ಬಿಟ್ಟು ಏಳದವರಿಂದ ಆಟ ನಿಲ್ಲಬಾರದು.

ಪ್ಯಾಕಿಂಗ್ ಹೊತ್ತಿಗೆ ಎಲ್ಲರಿಗೂ ಅವಸರ. ಒದ್ದೆ ಕತ್ತಿಯನ್ನು ಹಾಗೇ ಚೀಲಕ್ಕೆ ತುರುಕಬೇಡಿ. ಒರೆಸಿ, ಒಣಗಿಸಿ, ಸಿಲಿಕೋನ್ ಸ್ಪ್ರೇ ಹೊಡೆದು, ಅಲಗು ಬಾಗದಂತೆ ಮಲಗಿಸಿ ಅಥವಾ ತೂಗುಹಾಕಿ. ಲೇಟೆಕ್ಸಿಗೆ ಲೇಟೆಕ್ಸ್ ತಾಗಿ ಬಿಸಿಯಲ್ಲಿ ಬಿದ್ದಿದ್ದರೆ ಎರಡೂ ಅಂಟಿಕೊಂಡು, ಬಿಡಿಸುವಾಗ ಸಿಪ್ಪೆಯಂತೆ ಕಿತ್ತು ಬರುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಎಣ್ಣೆ, ಪೆಟ್ರೋಲಿಯಂ ಜೆಲ್ಲಿ ಹತ್ತಿರ ಸುಳಿಯಬಾರದು, ಲೇಟೆಕ್ಸ್ ಕರಗುತ್ತದೆ.

ಅಭಿಪ್ರಾಯದ ಫಾರ್ಮನ್ನು ಭಾನುವಾರ ಸಂಜೆಯೇ ಕೊಟ್ಟರೆ ಬರುವುದು ದಣಿವಿನ ಉತ್ತರ, ತಿಂಗಳು ಬಿಟ್ಟು ಕೊಟ್ಟರೆ ನೆನಪಿನ ಬಣ್ಣ ಹಚ್ಚಿದ ಉತ್ತರ. ಮೂರನೇ ದಿನ ಕಳಿಸುವುದು ಒಳ್ಳೆಯದು, ಮೂರೇ ಪ್ರಶ್ನೆ: ಯಾವ ಹೊತ್ತಿನಲ್ಲಿ ಮಾಡಲು ಏನೂ ಇರಲಿಲ್ಲ, ಯಾವ ಹೊತ್ತಿನಲ್ಲಿ ಉಸಿರಾಡಲು ಬಿಡುವಿರಲಿಲ್ಲ, ಹಾಳೆಯಲ್ಲಿದ್ದ ಯಾವ ಮಾತು ಆಟದಲ್ಲಿ ಕೆಲಸಕ್ಕೇ ಬರಲಿಲ್ಲ. ಉತ್ತರಗಳನ್ನು ಆಟದ ಹೆಸರಿನಡಿ ಜೋಡಿಸಬೇಡಿ, ಗಡಿಯಾರದ ಹೊತ್ತಿನ ಪ್ರಕಾರ ಜೋಡಿಸಿ. ಶನಿವಾರ ನಾಲ್ಕು ಗಂಟೆಯ ಸುಮಾರಿಗೆ ಐದು ಬೇರೆಬೇರೆ ಆಟದವರು ಒಂದೇ ದೂರು ಬರೆದಿದ್ದರೆ ತಪ್ಪು ಆ ಆಟಗಳದ್ದಲ್ಲ. ಆ ದಿನ ಊಟ ಎಷ್ಟು ಹೊತ್ತಿಗೆ ಬಂತು ಎಂದು ಮೊದಲು ನೋಡಿ.